ಬೆಳ್ಳುಳ್ಳಿ ಬಿಡದ ಸನ್ಯಾಸಿನಿ

ದಕ್ಷಿಣ ಕೊರಿಯಾದ ಗೊಂಗ್ಜುವಿಗೆ ಹೋದವರು ಬೆಕ್ಜೆ ಎಂಬ ಹಳೆಯ ರಾಜ್ಯದ ಅರಸರ ಕೋಟೆಯನ್ನೂ 1971ರಲ್ಲಿ ಪತ್ತೆಯಾದ ಮುರ್‍ಯೊಂಗ್ ರಾಜನ ಸಮಾಧಿಯನ್ನೂ ನೋಡುತ್ತಾರೆ. ನಾನೂ ನೋಡಿದೆ, ಒಂದೇ ಮಧ್ಯಾಹ್ನದಲ್ಲಿ. ಚೆನ್ನಾಗಿವೆ. ಆದರೆ ದೇಜಾನ್‌ನಿಂದ ಬಸ್ ಹತ್ತಿದ್ದು ಕೋಟೆಗಲ್ಲ, ಕೋಸಿಗೆ.

ನವೆಂಬರ್ ಕೊನೆಯ ವಾರ. ‘ಊರಿನಲ್ಲಿ ಕಿಮ್ಜಾಂಗ್ ಇದೆ, ಕೈ ಸಾಲದು, ಬರುತ್ತೀರಾ?’ ಎಂದು ಸಹೋದ್ಯೋಗಿ ಕರೆದಿದ್ದಳು. ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿಯನ್ನು, ಅಂದರೆ ಉಪ್ಪು, ಮಸಾಲೆ ಹಚ್ಚಿ ಹುಳಿಸುವ ಕೋಸನ್ನು, ಮನೆಮಂದಿ, ನೆರೆಹೊರೆಯವರು ಸೇರಿ ಒಮ್ಮೆಗೇ ಹಾಕುವ ಕೆಲಸ ಅದು. 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ನಾನು ಹೋದ ಅಂಗಳದಲ್ಲಿ ಯುನೆಸ್ಕೋ ವಿಷಯ ಯಾರೂ ಎತ್ತಲಿಲ್ಲ. ಅರವತ್ತು ಕೋಸು ಕಾಯುತ್ತಿದ್ದವು.

ಉಪ್ಪಿನಕಾಯಿ ಹಾಕುವ ಮನೆಯಲ್ಲಿ ಹುಟ್ಟಿದವಳು ನಾನು. ಮಾವಿನಮಿಡಿಗೆ ಎಷ್ಟು ಉಪ್ಪು, ಎಷ್ಟು ದಿನಕ್ಕೆ ಚಿರುಟುತ್ತದೆ, ಎಲ್ಲ ಗೊತ್ತು ಎಂಬ ಗರ್ವ. ಸೀಳಿದ ಕೋಸಿನ ಎಲೆಎಲೆಗೂ ಕಲ್ಲುಪ್ಪು ಉದುರಿಸತೊಡಗಿದೆ. ಸಹೋದ್ಯೋಗಿಯ ತಾಯಿ ಬಂದು ನನ್ನ ಕೈಗೆ ಮೆಲ್ಲಗೆ ಏಟು ಕೊಟ್ಟರು. ಉಪ್ಪು ಬೇಕಾದದ್ದು ಬುಡದ ದಪ್ಪ ದಂಟಿಗೆ; ತೆಳು ಎಲೆ ನೀರಿನಲ್ಲೇ ಉಪ್ಪು ಹಿಡಿಯುತ್ತದೆ. ಮರುದಿನ ಬೆಳಿಗ್ಗೆ ಒಂದು ದಂಟನ್ನು ನನ್ನೆದುರು ಬಗ್ಗಿಸಿ ತೋರಿಸಿದರು: ಮುರಿಯದೆ ಬಾಗಿದರೆ ಹದ. ಆಮೇಲೆ ಮೂರು ಸಲ ತೊಳೆಯುವುದು. ಆ ನೀರಿನ ಚಳಿ ನೆನೆದರೆ ಈಗಲೂ ಬೆರಳು ನೋಯುತ್ತವೆ.

ಗೆಳತಿಯ ತಾಯಿಯನ್ನು ಅಲ್ಲಿ ‘ಒಮೊನಿ’, ಅಂದರೆ ಅಮ್ಮ ಎಂದೇ ಕರೆಯುವುದು. ಮೂಲಂಗಿ ಎಳೆ, ಮೆಣಸಿನಪುಡಿ, ಅಂಟಕ್ಕಿಯ ಗಂಜಿ, ಬೆಳ್ಳುಳ್ಳಿ, ಶುಂಠಿ ಎಲ್ಲ ಬೋಗುಣಿಗೆ ಬಿದ್ದು, ಉಪ್ಪಿನಲ್ಲಿ ಹುಳಿಸಿದ ಸೀಗಡಿಯ ಸರದಿ ಬಂದಾಗ ನನ್ನ ಅರೆಬರೆ ಕೊರಿಯನ್‌ನಲ್ಲಿ ಬಾಯಿಬಿಟ್ಟೆ.

‘ಒಮೊನಿ, ನಾನು ಮಾಂಸ ತಿನ್ನುವುದಿಲ್ಲ.’

‘ಇದು ಮಾಂಸವಲ್ಲವಲ್ಲ, ಸೀಗಡಿ.’

‘ಸೀಗಡಿಯೂ ಇಲ್ಲ, ಮೀನೂ ಇಲ್ಲ.’

ಅವರು ಕೈ ನಿಲ್ಲಿಸಿದರು. ‘ಹಾಗಾದರೆ ನೀನು ಸನ್ಯಾಸಿನಿಯೇ? ಬೆಳ್ಳುಳ್ಳಿ?’

‘ಬೆಳ್ಳುಳ್ಳಿ ಬೇಕು.’

‘ಈರುಳ್ಳಿ?’

‘ಬೇಕು.’

ಅಲ್ಲಿನ ಬೌದ್ಧ ಮಠಗಳ ಕಿಮ್ಚಿಯಲ್ಲಿ ಸೀಗಡಿಯೊಂದಿಗೆ ಬೆಳ್ಳುಳ್ಳಿ, ಈರುಳ್ಳಿಯೂ ವರ್ಜ್ಯ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡ ನಾನು ಅವರಿಗೆ ಯಾವ ಲೆಕ್ಕಕ್ಕೂ ಸಿಗಲಿಲ್ಲ. ‘ಬೆಳ್ಳುಳ್ಳಿ ಬಿಡದ ಸನ್ಯಾಸಿನಿ!’ ಎಂದು ನೆರೆಮನೆಯವರಿಗೆಲ್ಲ ಕೂಗಿ ಹೇಳಿದರು. ಅಂಗಳವೇ ನಕ್ಕಿತು. ಆಮೇಲೆ ಮಾತಿಲ್ಲದೆ ಒಳಹೋಗಿ, ಕಡಲಪಾಚಿ ಮತ್ತು ಒಣ ಅಣಬೆ ಕುದಿಸಿದ ನೀರು ತಂದು, ಎಂಟು ಕೋಸಿನಷ್ಟು ಮಸಾಲೆಯನ್ನು ಬೇರೆ ಬೋಗುಣಿಯಲ್ಲಿ ಕಲೆಸಿದರು. ನಾನು ಕೇಳಿರಲಿಲ್ಲ.

ಮೊದಲು ಸಿದ್ಧವಾದ ಕೋಸಿನ ಹಳದಿ ಎಳೆ ಎಲೆಯೊಂದನ್ನು ಹರಿದು, ಮಸಾಲೆ ಸುತ್ತಿ, ಕೆಂಪು ಕೈಗವಸಿನ ಕೈಯಿಂದಲೇ ನನ್ನ ಬಾಯಿಗಿಟ್ಟರು. ಕೈತುತ್ತು ತಿಂದು ಇಪ್ಪತ್ತು ವರ್ಷವಾಗಿತ್ತು. ಕಣ್ಣಲ್ಲಿ ನೀರು ಬಂತು. ಖಾರ ಎಂದು ಅವರು ತಿಳಿದರು, ನಾನೂ ಹಾಗೆಂದೇ ಹೇಳಿದೆ. ಅಡುಗೆಯವರ ಕೈಯಿಂದ ಬರುವ ರುಚಿಗೆ ಅವರು ‘ಸೊನ್‌ಮತ್’ ಎನ್ನುತ್ತಾರೆ. ಸೊನ್ ಎಂದರೆ ಕೈ, ಮತ್ ಎಂದರೆ ರುಚಿ. ನಮ್ಮ ಕೈರುಚಿಯೇ.

ಮಧ್ಯಾಹ್ನ ಎಲ್ಲರಿಗೂ ಬೇಯಿಸಿದ ಹಂದಿಮಾಂಸದೊಂದಿಗೆ ಹಸಿ ಕಿಮ್ಚಿ. ನನಗೆ ಬಿಸಿ ತೋಫು. ಸೋಲ್‌ನ ಹೋಟೆಲುಗಳಲ್ಲಿ ಕೊಡುವ ಹುಳಿ ಕಿಮ್ಚಿಯನ್ನು ಅಂದಿನಿಂದ ಕೊಂಚ ಮೂಗು ಮುರಿದೇ ತಿನ್ನುತ್ತೇನೆ.

ಯಾರಾದರೂ ಕಿಮ್ಚಿ ಕಟ್ಟಿಕೊಟ್ಟರೆ ಒಂದು ಮಾತು: ಡಬ್ಬಿಯನ್ನು ಕಂಠದವರೆಗೆ ತುಂಬಲು ಬಿಡಬೇಡಿ, ಬಸ್ಸಿನಲ್ಲಿ ಅದನ್ನು ಮಡಿಲಿನಿಂದ ಇಳಿಸಬೇಡಿ. ನಾನು ಸೀಟಿನ ಮೇಲಿನ ಸಾಮಾನು ಹಲಗೆಯಲ್ಲಿ ಅಡ್ಡಲಾಗಿಟ್ಟೆ. ಮೊದಲ ತಿರುವಿನಲ್ಲೇ ಕೆಂಪು ನೀರು ನನ್ನ ಬಿಳಿ ಕೋಟಿನ ಮೇಲೆ ತೊಟ್ಟಿಕ್ಕಿತು. ಮೂರು ಸಲ ಒಗೆಸಿದರೂ ಕಲೆ ಹೋಗಿಲ್ಲ.

ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂದು ನಮ್ಮಮ್ಮ ಕಲಿಸಿದ್ದಾರೆ. ಅವರು ಕಳಿಸಿದ್ದ ನಿಂಬೆ ಉಪ್ಪಿನಕಾಯಿಯನ್ನು, ಕಂಠದಿಂದ ನಾಲ್ಕು ಬೆರಳು ಕೆಳಗಿರುವಂತೆ ತುಂಬಿ ಕೊಟ್ಟೆ. ವಾರ ಕಳೆದು ಸಹೋದ್ಯೋಗಿ ಸಂದೇಶ ತಂದಳು: ರುಚಿ ಚೆನ್ನಾಗಿದೆ, ಆದರೆ ಉಪ್ಪು ಹಾಕುವುದನ್ನು ನಿಮ್ಮ ತಾಯಿಗೂ ಒಮೊನಿಯೇ ಹೇಳಿಕೊಡಬೇಕಂತೆ.