ಕಿವಿಗೆ ದಕ್ಕದ ಟಿಪ್ಪಣಿ

ದಾವಣಗೆರೆಯ ಕಾಲೇಜೊಂದರ ಆನ್‌ಲೈನ್ ಕೋರ್ಸಿನ ಪಾಠಗಳನ್ನು ಇಂದು ಮಾನಿಟರ್ ಬಂದ್ ಮಾಡಿ, ಕಣ್ಣು ಕಾಣದವರಿಗಾಗಿ ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್‌ನಲ್ಲಿ ಕೇಳಿದೆ.

ಕಣ್ಣಿಗೆ ಅಚ್ಚುಕಟ್ಟಾಗಿದ್ದ ಅರ್ಥಶಾಸ್ತ್ರದ ಟಿಪ್ಪಣಿಯನ್ನು ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದತೊಡಗಿತು; ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ) ಅಲ್ಲದ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಕನ್ನಡವಿರುವುದು ಅಕ್ಷರದ ಆಕಾರದಲ್ಲಿ ಮಾತ್ರ, ಫೈಲಿನೊಳಗೆ ಇರುವುದು ಬೇರೆಯೇ ಸಂಕೇತ. (ಈಚಿನ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದ್ದೇ ಇದೆ, ಆರಿಸುವವರು ಬೇಕಷ್ಟೆ.)

ಮುಂದಿನ ಘಟಕ ಸ್ಕ್ಯಾನ್ ಮಾಡಿದ ಪಿಡಿಎಫ್, ಅಂದರೆ ಬರೀ ಪುಟಗಳ ಚಿತ್ರ. ಅಲ್ಲಿ ಓದಲು ಅಕ್ಷರವೇ ಇರಲಿಲ್ಲ.

ಅರ್ಥಶಾಸ್ತ್ರದ ಟಿಪ್ಪಣಿಯ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಕೆಟ್ಟುಹೋದ ಒತ್ತಕ್ಷರಗಳನ್ನು ತಿದ್ದಿ, ದಪ್ಪಕ್ಷರದ ಸಾಲುಗಳಿಗೆ ಸ್ಕ್ರೀನ್ ರೀಡರ್ ಗುರುತಿಸಬಲ್ಲ ನಿಜವಾದ ಹೆಡಿಂಗ್ ಶೈಲಿ ಕೊಟ್ಟ ಮೇಲೆ ಮೊದಲ ಅಧ್ಯಾಯ ಸರಾಗವಾಗಿ ಕೇಳಿಸಿತು.

ಗ್ರಾಫ್‌ಗಳಿಗೆ ವಿವರಣೆ ಬರೆಯುವುದು ಇನ್ನೂ ಬಾಕಿಯಿದೆ. ಬೇಡಿಕೆಯ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆಂಬುದನ್ನು ಚಿತ್ರ ತಾನಾಗಿ ಹೇಳುವುದಿಲ್ಲವಲ್ಲ.