ರಾತ್ರಿ ಒಂಬತ್ತಕ್ಕೆ ಗೇಟ್ ಹಾಕುವ ಕಾಡು

ಬಂಡೀಪುರಕ್ಕೆ ಹೋಗೋಣ ಅಂದ ದಿನದಿಂದ ನಮ್ಮ ಏಳು ವರ್ಷದ ಮಗಳದು ಒಂದೇ ಪ್ರಶ್ನೆ. "ಅಮ್ಮ, ಹುಲಿ ಕಾಣ್ಸುತ್ತಾ?" 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು ಅಂತ ಅವರಪ್ಪ ಹೇಳಿದ್ದೇ ತಪ್ಪಾಯಿತು. ಆಸೆ ಇನ್ನೂ ಜಾಸ್ತಿಯಾಯಿತು. ಹುಲಿ ಕಾಣಿಸದೇ ಇರಬಹುದು, ಕಾಣಿಸದಿದ್ದರೂ ಅದು ಅಲ್ಲೇ ಇರುತ್ತದೆ ಅಂತ ನಾನು ಮನೆಯಲ್ಲೇ ಹೇಳಿಟ್ಟೆ. ಇದನ್ನು ಹೊರಡುವ ಮೊದಲೇ ಹೇಳಬೇಕು. ಕಾಡಿನಿಂದ ವಾಪಸ್ ಬರುವಾಗ ಹೇಳಿದರೆ ಸಮಾಧಾನ ಮಾಡುವ ಮಾತು ಅಂತ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಬೆಳಗಿನ ಸಫಾರಿ ಹಿಡಿಯಬೇಕಾದರೆ ನಾಲ್ಕು ಗಂಟೆಗೇ ಮಕ್ಕಳನ್ನು ಎಬ್ಬಿಸಬೇಕು. ಮೂರು ವರ್ಷದ ಮಗ ನಿದ್ದೆಗೆಟ್ಟರೆ ಇಡೀ ದಿನ ಅಳುತ್ತಾನೆ. ಹಾಗಾಗಿ ಮಧ್ಯಾಹ್ನದ ಸಫಾರಿ ಇರಲಿ, ಬೆಳಗ್ಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡೋಣ ಅಂತ ತೀರ್ಮಾನಿಸಿದೆವು. ಅತ್ತೆಯವರಿಗೂ ಬೆಟ್ಟಕ್ಕೆ ಹೋಗುವ ಆಸೆ ಇತ್ತು.

ಆಗಸ್ಟ್ ತಿಂಗಳು. ಗುಂಡ್ಲುಪೇಟೆ ಸುತ್ತ ಚೆಂಡುಹೂವಿನ ಹೊಲಗಳು ಅರಳಿ ನಿಂತಿದ್ದವು. ಹಂಗಳದ ಹತ್ತಿರ ತಿರುಗಿ ಬೆಟ್ಟದ ಬುಡ ಸೇರಿದೆವು. ಖಾಸಗಿ ಗಾಡಿಗಳು ಅಲ್ಲೇ ನಿಲ್ಲಬೇಕು, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಎರಡನೇ ತಿರುವಿನಲ್ಲೇ ಮಗ ವಾಂತಿ ಮಾಡಿಕೊಂಡ. ಪಕ್ಕದ ಸೀಟಿನ ಅಜ್ಜಿಯೊಬ್ಬರು ತಮ್ಮ ಸೆರಗಿನಿಂದಲೇ ಅವನ ಮುಖ ಒರೆಸಿದರು. ಮೇಲೆ ಹೋದರೆ ದೇವಸ್ಥಾನದ ಗೋಪುರವೂ ಸರಿಯಾಗಿ ಕಾಣದಷ್ಟು ಮಂಜು. ಸುಮಾರು 1,450 ಮೀಟರ್ ಎತ್ತರ, ಗಾಳಿಯೂ ಜೋರು. ಸ್ವೆಟರ್ ತಂದಿದ್ದು ಒಳ್ಳೆಯದಾಯಿತು. ಅತ್ತೆ ಕೈಮುಗಿದು ನಿಂತಿದ್ದರು, ಮಕ್ಕಳು ಬಾಯಿ ತೆರೆದು ಮಂಜು ತಿನ್ನುತ್ತಿದ್ದರು.

ಸಫಾರಿ ಹೊರಡುವುದು ಮೇಲುಕಾಮನಹಳ್ಳಿಯಿಂದ. ಅಲ್ಲಿ ಮಗಳು ರಸ್ತೆಯ ಗೇಟ್ ನೋಡಿ ಅದು ಯಾಕೆ ಅಂತ ಕೇಳಿದಳು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಈ ರಸ್ತೆಯಲ್ಲಿ ಗಾಡಿಗಳು ಓಡಾಡುವಂತಿಲ್ಲ. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು ಅಂತ 2009ರಲ್ಲಿ ಈ ನಿಯಮ ತಂದರು. "ಹಾಗಾದ್ರೆ ರಾತ್ರಿ ರಸ್ತೆ ಅವುಗಳದ್ದೇನಾ?" ಅಂದಳು. ಹೌದು ಅಂದೆ. ಇದಕ್ಕಿಂತ ಚೆನ್ನಾಗಿ ಈ ನಿಯಮವನ್ನು ನನಗೆ ವಿವರಿಸಲು ಬರುತ್ತಿರಲಿಲ್ಲ.

ಅರಣ್ಯ ಇಲಾಖೆಯ ಬಸ್ಸಿನಲ್ಲಿ ಕೂತೆವು. ಚಿಕ್ಕ ಮಕ್ಕಳಿದ್ದರೆ ಜೀಪಿಗಿಂತ ಬಸ್ಸೇ ವಾಸಿ ಅಂತ ನನ್ನ ಅನಿಸಿಕೆ. ಕುಲುಕಾಟ ಕಡಿಮೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಹೊರಟು ಐದು ನಿಮಿಷ ಆಗಿಲ್ಲ, ಮಗ "ಆನೆ!" ಅಂತ ಕಿರುಚಿದ. ಬಸ್ಸಿಗೆ ಬಸ್ಸೇ ಆ ಕಡೆ ತಿರುಗಿತು. ದೊಡ್ಡ ಹುತ್ತ! ನನಗೆ ಮುಜುಗರ. ಡ್ರೈವರ್ ಮಾತ್ರ ಹಿಂದೆ ತಿರುಗಿ, "ಚೆನ್ನಾಗಿ ನೋಡ್ತಾ ಇದ್ದೀಯ ಮರಿ, ಇನ್ಮೇಲೆ ಮೆತ್ತಗೆ ಹೇಳು" ಅಂದರು. ಅಲ್ಲಿಂದ ಮುಂದೆ ಪ್ರತಿ ಹುತ್ತ ಬಂದಾಗಲೂ ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ, "ಆನೆ."

ಡ್ರೈವರ್‌ಗೆ ಆ ಕಾಡಿನ ಪ್ರತಿ ಮರವೂ ಗೊತ್ತಿತ್ತು. ಮತ್ತಿ ಮರ ತೋರಿಸಿದರು. ತೊಗಟೆ ಥೇಟ್ ಮೊಸಳೆ ಚರ್ಮ. ಒಂದು ಕಡೆ ಮರದ ಮೇಲೆ ಮುಸುವಗಳು, ಕೆಳಗೆ ಜಿಂಕೆಗಳ ಹಿಂಡು. ಮುಸುವ ಬೀಳಿಸಿದ ಎಲೆ, ಕಾಯಿ ಜಿಂಕೆಗೆ ಊಟ. ಮೇಲಿರುವ ಮುಸುವಕ್ಕೆ ಹುಲಿ ದೂರದಿಂದಲೇ ಕಾಣುತ್ತದೆ, ಕೆಳಗಿನ ಜಿಂಕೆಗೆ ವಾಸನೆ ಬೇಗ ಸಿಗುತ್ತದೆ. ಯಾರಿಗೆ ಮೊದಲು ಗೊತ್ತಾದರೂ ಕೂಗುತ್ತಾರೆ, ಇಬ್ಬರೂ ಉಳಿಯುತ್ತಾರೆ. ಮಗಳು ಕಿಟಕಿಗೆ ಕಿವಿ ಕೊಟ್ಟು ಕೂತಳು. ಅವತ್ತು ಯಾರೂ ಕೂಗಲಿಲ್ಲ.

ದಾರಿಯುದ್ದಕ್ಕೂ ಹಳದಿ, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲುಗಳು. ಎಷ್ಟು ಚೆನ್ನಾಗಿದೆ ಅಲ್ವಾ ಅಂತ ನಾನೇ ಅಂದೆ. ಅದು ಲಂಟಾನ. ಹೊರದೇಶದಿಂದ ಬಂದ ಗಿಡ, ಜಿಂಕೆಯಾಗಲಿ ಆನೆಯಾಗಲಿ ಅದನ್ನು ತಿನ್ನುವುದಿಲ್ಲ. ಅದು ಹಬ್ಬಿದ ಕಡೆ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆಗೆ ಮೇವಿಲ್ಲ, ಜಿಂಕೆ ಇಲ್ಲದಿದ್ದರೆ ಹುಲಿಗೆ ಊಟವಿಲ್ಲ. ಆಮೇಲೆ ಆ ಹೂಗಳನ್ನು ನೋಡಿದಾಗಲೆಲ್ಲ ಸಂಕಟವಾಯಿತು.

ಒಂದು ಕೆರೆಯ ಹತ್ತಿರ ಡ್ರೈವರ್ ಎಂಜಿನ್ ಆಫ್ ಮಾಡಿದರು. ಈ ಸಲ ನಿಜವಾದ ಆನೆಗಳು. ಮೂರು ದೊಡ್ಡ ಹೆಣ್ಣಾನೆಗಳು, ನಡುವೆ ಒಂದು ಮರಿ. ನಮ್ಮನ್ನು ಕಂಡ ಕೂಡಲೇ ದೊಡ್ಡವು ಹತ್ತಿರ ಹತ್ತಿರ ಸರಿದವು, ಮರಿ ಕಾಲುಗಳ ಹಿಂದೆ ಮಾಯ. ನಾವು ಅಲುಗಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದು ಹೊರಬಂದು ನೀರಿಗೆ ಇಳಿಯಿತು. ದೊಡ್ಡವು ಸೊಂಡಿಲಲ್ಲಿ ನೀರು ತುಂಬಿ ಬಾಯಿಗೆ ಬಿಟ್ಟುಕೊಳ್ಳುತ್ತಿದ್ದವು. ಮರಿ ಮಾತ್ರ ಮುಂಗಾಲು ಮಡಚಿ, ಬಾಯನ್ನೇ ನೀರಿಗೆ ಹಾಕಿ ಕುಡಿಯುತ್ತಿತ್ತು. ಸೊಂಡಿಲು ಬಳಸುವುದನ್ನು ಕಲಿಯಲು ಮರಿಗಳಿಗೆ ತಿಂಗಳುಗಟ್ಟಲೆ ಬೇಕಂತೆ.

"ತಮ್ಮನ ಥರಾನೇ, ಲೋಟ ಹಿಡ್ಕೊಳ್ಳೋಕೆ ಬರಲ್ಲ" ಅಂದಳು ಮಗಳು. ತಮ್ಮ ಏನೂ ಹೇಳಲಿಲ್ಲ. ಇಡೀ ದಿನ ಹುತ್ತಗಳನ್ನು ಆನೆ ಅಂದವನು ಆನೆ ಕಂಡಾಗ ನನ್ನ ಬೆರಳು ಗಟ್ಟಿಯಾಗಿ ಹಿಡಿದು ಸುಮ್ಮನೆ ನೋಡುತ್ತಿದ್ದ.

ಒಂದು ಬೇಸರವನ್ನೂ ಹೇಳಬೇಕು. ವಾಪಸ್ ಬರುವಾಗ ರಸ್ತೆ ಬದಿ ಒಂದು ಕಾರು ನಿಲ್ಲಿಸಿ ಕೋತಿಗಳಿಗೆ ಚಿಪ್ಸ್ ಎಸೆಯುತ್ತಿದ್ದರು. ಕಾರಿನೊಳಗೆ ನಮ್ಮ ಮಕ್ಕಳ ವಯಸ್ಸಿನವರೇ ಇದ್ದರು. ಹಾಗೆ ತಿಂದು ಅಭ್ಯಾಸವಾದ ಕೋತಿ ರಸ್ತೆ ಬಿಟ್ಟು ಹೋಗುವುದಿಲ್ಲ, ಕೊನೆಗೆ ಯಾವುದಾದರೂ ಚಕ್ರದ ಕೆಳಗೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಮನೆ ಸೇರಿದಾಗ ಎಂಟು ದಾಟಿತ್ತು. ಮಗನನ್ನು ಎತ್ತಿಕೊಂಡೇ ಒಳಗೆ ಮಲಗಿಸಿದೆ. ಮಗಳು ಹುಲಿಯ ಮಾತೇ ಎತ್ತಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು ಗೋಡೆ ಗಡಿಯಾರ ನೋಡುತ್ತಿದ್ದಳು. ಮುಳ್ಳು ಒಂಬತ್ತಕ್ಕೆ ಬಂದಾಗ ಮೆಲ್ಲಗೆ ಕೇಳಿದಳು.

"ಅಮ್ಮ, ಈಗ ಗೇಟ್ ಹಾಕಿರ್ತಾರೆ ಅಲ್ವಾ?"