ಜೀಪಿನ ಡಿಫರೆನ್ಷಿಯಲ್‌ನಿಂದ ಒಸರುವ ಎಣ್ಣೆ

ಸಕಲೇಶಪುರದ ಕಡೆಯ ತೋಟಗಳಲ್ಲಿ ಹಳೆಯ ಫೋರ್ ವೀಲ್ ಡ್ರೈವ್ ಜೀಪು ಇಟ್ಟುಕೊಂಡವರಿಗೆ ನೆಲದ ಮೇಲಿನ ಎಣ್ಣೆಯ ಕಲೆ ಹೊಸದೇನಲ್ಲ. ನಾನೂ ಅದನ್ನು ಹಲವು ವರ್ಷ ಕಂಡೂ ಕಾಣದಂತೆ ಇದ್ದವನೇ. ಆದರೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಿಲ್ಲಿಸಿದ ಜೀಪಿನಿಂದ ಗೇರ್ ಆಯಿಲ್ ತೊಟ್ಟಿಕ್ಕಿ, ಅದರ ಗಂಧಕದ ವಾಸನೆ ಸಿಮೆಂಟಿಗೆ ಅಂಟಿಕೊಂಡು ವಾರವಾದರೂ ಹೋಗದಿದ್ದಾಗ, ಹಿಂದಿನ ಆಕ್ಸಲ್ಲನ್ನು, ಅದರ ನಡುವೆ ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಗೇರುಗಳನ್ನು, ಒಮ್ಮೆ ಸರಿಯಾಗಿ ನೋಡಲೇಬೇಕೆಂದು ನಿರ್ಧರಿಸಿದೆ.

ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಎರಡು ಸಲ ಪಿನಿಯನ್ (ಡಿಫರೆನ್ಷಿಯಲ್ಲನ್ನು ತಿರುಗಿಸುವ ಸಣ್ಣ ಗೇರು) ಆಯಿಲ್ ಸೀಲ್ ಬದಲಿಸಿದ್ದರು. ಎರಡು ಸಲವೂ ಒಂದು ತಿಂಗಳೊಳಗೆ ಸೋರಿಕೆ ಮರಳಿ ಬಂದಿತ್ತು. ಸೀಲಿನ ಮೇಲೆ ತಪ್ಪು ಹೊರಿಸುವ ಮುನ್ನ ನೋಡಬೇಕಾದದ್ದು ಗೇರುಗಳ ಹೊರಕವಚವಾದ ಹೌಸಿಂಗ್‌ನ ಮೇಲ್ಭಾಗದಲ್ಲಿರುವ ಸಣ್ಣ ಬ್ರೀದರ್ ಎಂಬುದು ನನಗೆ ತಿಳಿದದ್ದು ಆಮೇಲೆ. ಗೇರುಗಳು ಎಣ್ಣೆಯನ್ನು ಕಡೆಯುತ್ತಾ ಬಿಸಿಯಾದಂತೆ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗುವ ದಾರಿ ಬ್ರೀದರ್. ನಮ್ಮ ಜೀಪಿನಲ್ಲಿ ಅದು ಕೆಸರು ಮೆತ್ತಿ ಕಲ್ಲಿನಂತಾಗಿತ್ತು. ದಾರಿ ಮುಚ್ಚಿದರೆ ಒತ್ತಡವು ಎಣ್ಣೆಯನ್ನು ಸೀಲಿನ ತುಟಿಯಿಂದಲೇ ಹೊರದೂಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಎಣ್ಣೆ ಹೊರಬಂದ ಸಂದಿನಿಂದಲೇ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಬಂದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. (ಡ್ರೈನ್ ಪ್ಲಗ್ಗಿಗೆ ಕೈಹಾಕುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಿ, ಎಣ್ಣೆ ಖಾಲಿ ಮಾಡಿ, ತುಂಬಿಸಲಾಗದೆ ಕುಳಿತವರನ್ನು ನಾನು ಕಂಡಿದ್ದೇನೆ.)

ಬ್ರೀದರ್ ಜಾಗಕ್ಕೆ ನಿಪ್ಪಲ್ ಹಾಕಿ, ಎಣ್ಣೆ ತಡೆಯುವ ರಬ್ಬರ್ ಪೈಪನ್ನು ಚಾಸಿಸ್‌ಗಿಂತ ಎತ್ತರಕ್ಕೆ ಒಯ್ದು ಕಟ್ಟಿದೆ. ಆಕ್ಸಲ್ ಕೆಳಗಿಳಿದಾಗ ಎಳೆತ ಬೀಳದಂತೆ ಪೈಪಿಗೆ ಸ್ವಲ್ಪ ಸಡಿಲು ಬಿಟ್ಟಿದ್ದೇನೆ.

ಪಿನಿಯನ್ನಿನ ತುದಿಗೆ ಕೂತು ಸೀಲಿನೊಳಗೆ ತಿರುಗುವ ಫ್ಲಾಂಜ್ ಬಿಚ್ಚಿದಾಗ ಎರಡನೆಯ ಕಾರಣ ಸಿಕ್ಕಿತು. ಸೀಲಿನ ತುಟಿ ವರ್ಷಗಟ್ಟಲೆ ಉಜ್ಜಿದ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರು ಬಿದ್ದಿತ್ತು. ಇಂಥ ಫ್ಲಾಂಜಿನ ಮೇಲೆ ಎಷ್ಟು ಒಳ್ಳೆಯ ಸೀಲ್ ಕೂರಿಸಿದರೂ ಪ್ರಯೋಜನವಿಲ್ಲ. ಫ್ಲಾಂಜನ್ನೇ ಬದಲಿಸಬೇಕು, ಇಲ್ಲವೇ ಅದರ ಮೇಲೆ ತೆಳುವಾದ ಸ್ಲೀವ್ ಏರಿಸಬೇಕು. ನಾನು ಸ್ಲೀವ್ ಏರಿಸಿದೆ. ನಮ್ಮ ಆಕ್ಸಲ್‌ನಲ್ಲಿ ಪಿನಿಯನ್ ಬೇರಿಂಗ್‌ಗಳ ಬಿಗಿತವನ್ನು ತೆಳುವಾದ ಲೋಹದ ಬಿಲ್ಲೆಗಳಾದ ಶಿಮ್‌ಗಳು ನಿರ್ಧರಿಸುವುದರಿಂದ ನಟ್ಟನ್ನು ಟಾರ್ಕ್ ರೆಂಚಿನಿಂದ ಹೇಳಿದಷ್ಟು ಬಿಗಿದರೆ ಸಾಕು. ಹೊಸ ವಾಹನಗಳಲ್ಲಿರುವ, ಬೇರಿಂಗುಗಳ ನಡುವೆ ಕೂತು ಬಿಗಿದಂತೆ ಕುಗ್ಗುವ ಬೇರೆ ಬಗೆಯ ಸ್ಲೀವ್ ಇದ್ದರೆ ಬಿಚ್ಚುವ ಮೊದಲೇ ನಟ್ಟಿಗೂ ಪಿನಿಯನ್ನಿಗೂ ಗುರುತು ಹಾಕಿಕೊಂಡು, ಆ ಗುರುತು ನೋಡಿ ಮರಳಿ ಬಿಗಿಯಬೇಕು, ಏಕೆಂದರೆ ಹೆಚ್ಚು ಬಿಗಿದರೆ ಬೇರಿಂಗ್ ಬಹುಕಾಲ ಬಾಳುವುದಿಲ್ಲ.

ಇಷ್ಟಾದರೂ ಒಂದು ಹನಿ ಬೀಳುತ್ತಲೇ ಇತ್ತು, ಅದೂ ಪಿನಿಯನ್ನಿನಿಂದಲ್ಲ. ಹೌಸಿಂಗನ್ನು ಡೀಸೆಲ್ಲಿನಿಂದ ತೊಳೆದು, ಪೆಟ್ರೋಲಿನಲ್ಲಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಬಳಿದು, ತೋಟದ ಏರಿನಲ್ಲಿ ಒಂದು ಸುತ್ತು ಓಡಿಸಿದೆ. ಬೀಡುಕಬ್ಬಿಣದ ಮಧ್ಯಭಾಗಕ್ಕೆ ಉಕ್ಕಿನ ಆಕ್ಸಲ್ ಟ್ಯೂಬು ಸೇರುವ ಜಾಗದಲ್ಲಿ, ಬಿಳಿಯ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು. ಕಲ್ಲುದಾರಿಯಲ್ಲಿ ಭಾರ ಹೇರಿಕೊಂಡು ಕುಪ್ಪಳಿಸುವ ವಾಹನಕ್ಕೆ ಅತಿ ಹೆಚ್ಚಿನ ಪೆಟ್ಟು ಬೀಳುವ ಜಾಗಗಳಲ್ಲಿ ಇದೂ ಒಂದು.

ಇಲ್ಲಿ ಅನೇಕರು ಎಪಾಕ್ಸಿ ಮೆತ್ತಿ ಸುಮ್ಮನಾಗುತ್ತಾರೆ. ಎಣ್ಣೆ ಕುಡಿದ ಬೀಡಿನ ಮೇಲೆ ಅದು ಹೆಚ್ಚು ದಿನ ಹಿಡಿಯುವುದಿಲ್ಲ. ಬಿರುಕು ಬೆಳೆಯುವುದನ್ನಂತೂ ಅದು ತಡೆಯುವುದಿಲ್ಲ. ನಾವು ಆಕ್ಸಲ್ಲನ್ನು ಕೆಳಗಿಳಿಸಿ, ಗೇರು, ಬೇರಿಂಗ್, ಸೀಲುಗಳನ್ನೆಲ್ಲ ತೆಗೆದು, ಬಿರುಕಿನ ತುದಿ ಮುಂದುವರಿಯದಂತೆ ಅಲ್ಲಿ ಸಣ್ಣ ರಂಧ್ರ ಕೊರೆದೆವು. ಗೆರೆಯನ್ನು ವಿ ಆಕಾರಕ್ಕೆ ಉಜ್ಜಿ, ಜಾಗವನ್ನು ಬಿಸಿಮಾಡಿ ಒಳಗಿನ ಎಣ್ಣೆಯನ್ನು ಸುಟ್ಟ ಬಳಿಕ ವೆಲ್ಡರ್ ನಿಕ್ಕಲ್ ರಾಡಿನಿಂದ ಒಂದೊಂದು ಅಂಗುಲದಷ್ಟೇ ಬೆಸುಗೆ ಹಾಕುತ್ತಾ, ಪ್ರತಿಯೊಂದನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಬೀಡು ಬೇಗ ತಣಿದರೆ ಮತ್ತೆ ಸೀಳುತ್ತದೆ ಎಂಬ ಕಾರಣಕ್ಕೆ ಇಡೀ ಜಾಗವನ್ನು ಒಲೆಯ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟೆವು. ಮರುದಿನ ಟ್ಯೂಬು ನೇರವಾಗಿಯೇ ಇದೆ ಎಂದು ಅಳೆದು ಖಚಿತಪಡಿಸಿಕೊಂಡ ಮೇಲೆಯೇ ಹೊಸ ಸೀಲುಗಳನ್ನು ಕೂರಿಸಿದ್ದು.

ಹಿಂದಿನ ಕವರಿನ ಅಂಚು, ಯಾರೋ ಬೋಲ್ಟುಗಳನ್ನು ಅತಿಯಾಗಿ ಬಿಗಿದದ್ದರಿಂದ, ರಂಧ್ರಗಳ ಬಳಿ ಬಗ್ಗಿತ್ತು. ಅದನ್ನು ತಟ್ಟಿ ಸಮಮಾಡಿ, ಹೊಸ ಪೇಪರ್ ಪ್ಯಾಕಿಂಗ್ ಹಾಕಿದೆ. ಬ್ರೇಕ್ ಡ್ರಮ್ಮಿನೊಳಗೆ ಎಣ್ಣೆ ಇಳಿದಿದ್ದ ಬದಿಯಲ್ಲಿ ಆಕ್ಸಲ್ ಸೀಲಿನ ಜೊತೆಗೆ ಲೈನರುಗಳನ್ನೂ ಬದಲಿಸಿದೆ. ಘಾಟಿ ಇಳಿಯುವ ವಾಹನದಲ್ಲಿ ಎಣ್ಣೆ ಹೀರಿದ ಲೈನರನ್ನು ತೊಳೆದು ಮತ್ತೆ ಹಾಕುವ ಉಳಿತಾಯ ನನಗೆ ಬೇಡ.

ಎಣ್ಣೆ ತುಂಬುವ ಮೊದಲು ಬ್ರೀದರ್ ಪೈಪಿನಿಂದ 2-3 ಪಿಎಸ್ಐ ಗಾಳಿ ಕೊಟ್ಟು, ಎಲ್ಲ ಸಂದುಗಳಿಗೂ ಸೋಪಿನ ನೀರು ಹಚ್ಚಿ ನೋಡಿದೆ. ಅದಕ್ಕಿಂತ ಹೆಚ್ಚು ಗಾಳಿ ಬಿಟ್ಟರೆ ಹೊಸ ಸೀಲೇ ಕೆಡುತ್ತದೆ. ಗುಳ್ಳೆ ಏಳಲಿಲ್ಲ. ಜಿಎಲ್-5 ದರ್ಜೆಯ, 90 ಸ್ನಿಗ್ಧತೆಯ ಗೇರ್ ಎಣ್ಣೆಯನ್ನು ಫಿಲ್ಲರ್ ರಂಧ್ರದ ಕೆಳಅಂಚಿನವರೆಗೆ ತುಂಬಿ ಪ್ಲಗ್ ಹಾಕಿದೆ. ಒಂದು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿದರೆ ಎಣ್ಣೆಯ ಬಣ್ಣ ಕೆಟ್ಟಿಲ್ಲ. ಪಿನಿಯನ್ ಸೀಲಿನ ಸುತ್ತ ಧೂಳು ಅಂಟುವಷ್ಟು ಪಸೆ ಈಗಲೂ ಇದೆ, ಆದರೆ ಅದು ಹನಿಯಾಗಿ ನೆಲಕ್ಕೆ ಬೀಳುವವರೆಗೆ ಮತ್ತೆ ಸ್ಪ್ಯಾನರ್ ಹಿಡಿಯುವ ಮನಸ್ಸು ನನಗಿಲ್ಲ.